12 ದಿನದ ನೆಗಡಿ, ಬಗ್ಗಿದರೆ ಬಲಗೆನ್ನೆ ಭಾರ. ಯಾವ ಡಾಕ್ಟರ ಹತ್ತಿರ ಹೋಗಲಿ?

ಕೊನೆಕೊಯ್ಲು, ತೀರ್ಥಹಳ್ಳಿ ಕಡೆ:
ಮನೆಯಲ್ಲಿ ಅಡಿಕೆ ಸುಲಿಯುವ, ಬೇಯಿಸುವ ಗಲಾಟೆ. ಮೊದಲು ಮಾಮೂಲಿ ನೆಗಡಿ. ಹಂಡೆ ಮುಂದೆ ಹೊಗೆ ಕುಡಿದದ್ದಕ್ಕೆ ಇರಬೇಕು ಅಂತ ಸುಮ್ನಿದ್ದೆ. 6ನೇ ದಿನ ಹಗುರಾಯಿತು, ತೋಟಕ್ಕೂ ಹೋಗಿ ಬಂದೆ. 8ನೇ ದಿನ ಮತ್ತೆ ಜ್ವರ. ಅಂಗಳದಲ್ಲಿ ಬಿದ್ದ ಅಡಿಕೆ ಹೆಕ್ಕಲು ಬಗ್ಗಿದರೆ ಬಲಗೆನ್ನೆಯೊಳಗೆ ಕಲ್ಲು ಜಾರಿದ ಹಾಗಾಗುತ್ತದೆ. ಆ ಕಡೆಯ ಮೇಲಿನ ದವಡೆ ಹಲ್ಲುಗಳೂ ನೋವು. ಸಿಂಬಳ ಹಸಿರು. ಅಮ್ಮ ದಿನಾ 3 ಸಲ ಕಂಬಳಿ ಹೊದಿಸಿ ಹಬೆ ಕೊಡುತ್ತಿದ್ದಾರೆ. ಮೆಡಿಕಲ್‌ನಲ್ಲಿ 3 ಆಂಟಿಬಯೋಟಿಕ್ ಮಾತ್ರೆ ಕೊಟ್ಟಿದ್ದಾರೆ, ಇನ್ನೂ ನುಂಗಿಲ್ಲ. ಮೂಗಿನ ಡ್ರಾಪ್ಸ್ ಒಂದು ವಾರದಿಂದ ಬಿಡ್ತಾ ಇದ್ದೇನೆ. ಹಲ್ಲಿನ ಡಾಕ್ಟರಾ, ಮೂಗಿನ ಡಾಕ್ಟರಾ?

ಸಾಗರದ ಅಕ್ಕ:
ಮೊದಲು ಆ ಡ್ರಾಪ್ಸ್ ನಿಲ್ಲಿಸಿ ಮಾರಾಯ್ರೇ! ಆಕ್ಸಿಮೆಟಜೋಲಿನ್, ಜೈಲೋಮೆಟಜೋಲಿನ್ ಅಂತ ಬರೆದಿದ್ದರೆ 3ರಿಂದ 5 ದಿನ ಸಾಕು. ಜಾಸ್ತಿಯಾದರೆ ಔಷಧಿಯೇ ಮೂಗು ಕಟ್ಟಿಸುತ್ತದೆ. ನಾನು 4 ತಿಂಗಳು ಬಿಟ್ಟವಳು. ದಿಂಬಿನ ಕೆಳಗೊಂದು ಬಾಟಲಿ, ಬಸ್ಸಿಗೆ ಹೋಗುವ ಚೀಲದಲ್ಲೊಂದು. ಬಿಡಿಸಿಕೊಳ್ಳುವಾಗ ಎರಡು ವಾರ ಕೂತೇ ನಿದ್ದೆ ಮಾಡಿದ್ದು.

ನಿವೃತ್ತ ನರ್ಸ್, ಶಿವಮೊಗ್ಗ:
ತಮ್ಮಾ, ಸಿಂಬಳದ ಬಣ್ಣ ನೋಡಿ ಹೆದರಬೇಡ. ವೈರಸ್ ನೆಗಡಿಯಲ್ಲೂ ಹಸಿರಾಗುತ್ತದೆ. ಸೈನಸ್ ಅಂದರೆ ಮೂಗಿನ ಸುತ್ತ ಮೂಳೆಯೊಳಗಿರುವ ಗಾಳಿಗೂಡು. ಅದರ ತೊಂದರೆ ಬಹಳಷ್ಟು ವೈರಸ್‌ನಿಂದಲೇ, ಅದಕ್ಕೆ ಆಂಟಿಬಯೋಟಿಕ್ ಏನೂ ಮಾಡಲ್ಲ. ನಾವು ನೋಡುತ್ತಿದ್ದದ್ದು ದಿನದ ಲೆಕ್ಕ. 10 ದಿನವಾದರೂ ಒಂಚೂರೂ ಇಳಿಯದಿದ್ದರೆ, ಅಥವಾ ಇಳಿದದ್ದು ಮತ್ತೆ ಏರಿದರೆ, ಬ್ಯಾಕ್ಟೀರಿಯಾ ಸೇರಿರಬಹುದು. ನಿನ್ನದು ಎರಡನೆಯದು. ಹೋಗಬೇಕು. ಆ 3 ಮಾತ್ರೆ ಹಾಗೇ ಇರಲಿ, ಯಾವುದು, ಎಷ್ಟು ದಿನ ಅಂತ ಡಾಕ್ಟರ್ ಹೇಳಲಿ.

ಕೆನ್ನೆಯೊಳಗಿನ ಸೈನಸ್ ಮೇಲಿನ ಹಲ್ಲಿನ ಬೇರಿಗೆ ತಾಗಿಕೊಂಡೇ ಇರುತ್ತದೆ. ಹಲ್ಲು ಕೀಳಿಸಿಕೊಂಡ ಮೇಲೂ ನೋವು ಹೋಗದೆ ಬಂದವರನ್ನು ನೋಡಿದ್ದೇನೆ. ಆದರೆ ಒಂದೇ ಕಡೆ ಸೋರಿ ಕೆಟ್ಟ ವಾಸನೆ ಬಂದರೆ ಹುಳುಕು ಹಲ್ಲೇ ಮೂಲ ಇರಬಹುದು. ಮೊದಲು ಮೂಗಿನ ಡಾಕ್ಟರ್, ಅವರು ಹೇಳಿದರೆ ಹಲ್ಲಿನವರು.

ಉಪ್ಪುನೀರಲ್ಲಿ ಮೂಗು ತೊಳೆದರೆ ಆರಾಮ ಸಿಗುತ್ತದೆ. ಒಂದು ಲೋಟಕ್ಕೆ ಅರ್ಧ ಟೀ ಚಮಚ ಉಪ್ಪು. ಅಬ್ಬಿ ನೀರು ಎಷ್ಟೇ ತಿಳಿಯಾಗಿರಲಿ, ಬಾವಿ ನೀರಾಗಲಿ, ಕುದಿಸಿ ಆರಿಸಿಯೇ ಬಳಸು. ಮೂಗಿನಿಂದ ಮೆದುಳಿಗೆ ಹತ್ತುವ ಅಮೀಬಾ ಇದೆ. ಅಪರೂಪ, ಆದರೆ ಬಂದರೆ ಉಳಿಯುವುದು ಕಷ್ಟ. ಹಬೆಗೆ ಕುದಿಯುವ ಪಾತ್ರೆ ತೊಡೆ ಮೇಲೆ ಇಟ್ಕೋಬೇಡ.

ಕಣ್ಣಿನ ಸುತ್ತ ಊತ, ಒಂದು ಎರಡಾಗಿ ಕಾಣುವುದು, ಕುತ್ತಿಗೆ ಬಿಗಿ, ಮಾತು ತಡಬಡಿಸುವುದು, ಇದರಲ್ಲಿ ಒಂದಾದರೂ ಬಂದರೆ ಬೆಳಗಾಗಲಿ ಅಂತ ಕಾಯಬೇಡ, ಆ ರಾತ್ರಿಯೇ ಇಲ್ಲಿನ ಮೆಗ್ಗಾನ್ ಆಸ್ಪತ್ರೆಗೆ ಬಾ. ಸಕ್ಕರೆ ಕಾಯಿಲೆ ಇದೆಯಾ? 2021ರಲ್ಲಿ ಕಪ್ಪು ಶಿಲೀಂಧ್ರ ಹೆಚ್ಚು ಕಾಡಿದ್ದು ಅಂಥವರನ್ನೇ.

ಕೊನೆಕೊಯ್ಲು, ತೀರ್ಥಹಳ್ಳಿ ಕಡೆ:
ಸಕ್ಕರೆ ಇಲ್ಲ ಅಮ್ಮಾ. ಇವತ್ತು ಹೋಗಿ ಬಂದೆ. ಸೈನಸ್ ಅಂತಲೇ ಹೇಳಿದರು, 7 ದಿನಕ್ಕೆ ಬೇರೆ ಮಾತ್ರೆ ಬರೆದರು. ಡ್ರಾಪ್ಸ್ ಬಾಟಲಿ ನೋಡಿ ಬೈದರು ಕೂಡ. ಹಂಡೆ ಮುಂದೆ ಈಗ ಅಪ್ಪ ಕೂತಿದ್ದಾರೆ.