ಕೋಲ್ಕತ್ತಾಗೆ ಶನಿ-ಭಾನು-ಸೋಮ: ಏನು ನೋಡೋದು, ಅಮ್ಮನಿಗೆ ಏನು ತಿನ್ನಿಸೋದು?

ಕೇಳಿದ್ದು, ಮೈಸೂರಿನಿಂದ:

ಡಿಸೆಂಬರ್ ಎರಡನೇ ವಾರ ನಾನು, ನಮ್ಮ ಯಜಮಾನರು, ಅಮ್ಮ ಮೂವರೂ ಕೋಲ್ಕತ್ತಾಗೆ ಹೊರಟಿದ್ದೇವೆ. ಶುಕ್ರವಾರ ರಾತ್ರಿ ಇಳಿದು ಸೋಮವಾರ ರಾತ್ರಿ ವಾಪಸ್. ಹಳೇ ಊರು ನೋಡಬೇಕು, ಬಂಗಾಳಿ ಊಟ ಮಾಡಬೇಕು, ಇಷ್ಟೇ ಆಸೆ. ಅಮ್ಮ ಪೂರ್ತಿ ಸಸ್ಯಾಹಾರಿ, ಮೊಟ್ಟೆ ಕೂಡ ಇಲ್ಲ. ನಾವಿಬ್ಬರು ಎಲ್ಲಾ ತಿನ್ನುತ್ತೇವೆ. ಹೋಗಿ ಬಂದವರು, ಅಲ್ಲೇ ಇರುವವರು ದಯವಿಟ್ಟು ಹೇಳಿ. ಯಾವುದನ್ನು ಬಿಡಲೇಬಾರದು, ಯಾವುದನ್ನು ಬಿಟ್ಟರೂ ನಡೆಯುತ್ತೆ?

ಕೋಲ್ಕತ್ತಾದಲ್ಲೇ ಕೆಲಸದಲ್ಲಿರುವ ಕನ್ನಡಿಗರು:

ಮೇಡಂ, ಮೊದಲು ವಾರ ನೋಡಿಕೊಳ್ಳಿ. ಸೋಮವಾರ ವಿಕ್ಟೋರಿಯಾ ಮೆಮೋರಿಯಲ್ ಒಳಗಿನ ಮ್ಯೂಸಿಯಂ, ಇಂಡಿಯನ್ ಮ್ಯೂಸಿಯಂ, ಜೋರಾಸಾಂಕೋದ ಟ್ಯಾಗೋರ್ ಮನೆ ಮೂರಕ್ಕೂ ರಜಾ. ಭಾನುವಾರ ಕಾಲೇಜ್ ಸ್ಟ್ರೀಟಿನ ಪುಸ್ತಕದಂಗಡಿಗಳು ಬಹುತೇಕ ಮುಚ್ಚಿರುತ್ತವೆ, ಮೆಟ್ರೋ ಕೂಡ ತಡವಾಗಿ ಶುರುವಾಗುತ್ತೆ. ಹಾಗಾಗಿ ಶನಿವಾರ ಉತ್ತರ ಕೋಲ್ಕತ್ತಾ, ಭಾನುವಾರ ಮಧ್ಯದ ಊರು, ಸೋಮವಾರ ದಕ್ಷಿಣೇಶ್ವರದ ಕಾಳಿ ದೇವಸ್ಥಾನ ಮತ್ತು ಬೇಲೂರು ಮಠ (ನಮ್ಮ ಹಾಸನದ ಬೇಲೂರಲ್ಲ, ರಾಮಕೃಷ್ಣ ಮಠದ ಕೇಂದ್ರ). ಹೀಗೆ ಹಂಚಿಕೊಂಡರೆ ಎಲ್ಲೂ ಮುಚ್ಚಿದ ಬಾಗಿಲು ನೋಡಿ ವಾಪಸ್ ಬರಬೇಕಾಗಲ್ಲ.

ಶನಿವಾರ ಬೆಳಕು ಹರಿಯುವಾಗಲೇ ಮಲ್ಲಿಕ್ ಘಾಟ್ ಹೂವಿನ ಮಾರ್ಕೆಟ್ಟಿಗೆ ಹೋಗಿ. ಹೌರಾ ಸೇತುವೆಯ ಬುಡದಲ್ಲೇ ಇದೆ. ಚೆಂಡುಹೂವಿನ ಹಾರಗಳನ್ನು ಹಗ್ಗದ ಹಾಗೆ ಸುತ್ತಿ ತಲೆ ಮೇಲೆ ಹೊತ್ತು ತರುತ್ತಾರೆ, ದಾರಿ ಬಿಡದೆ ನಿಂತರೆ ಬೈಸಿಕೊಳ್ಳಬೇಕಾಗುತ್ತೆ. ನೆಲವೆಲ್ಲ ಒದ್ದೆ, ಅಮ್ಮನಿಗೆ ಜಾರದ ಚಪ್ಪಲಿ ಇರಲಿ. ತಲೆ ಎತ್ತಿದರೆ 1943ರಲ್ಲಿ ಓಡಾಟಕ್ಕೆ ತೆರೆದ ಆ ಸೇತುವೆ. ನಟ್ಟು-ಬೋಲ್ಟಿಲ್ಲದೆ, ಬರೀ ರಿವೆಟ್ ಹೊಡೆದು ಜೋಡಿಸಿದ್ದು.

ಅಲ್ಲಿಂದ ಟ್ಯಾಕ್ಸಿ ಹಿಡಿದು ಮಣ್ಣಿನ ಮೂರ್ತಿ ಮಾಡುವವರ ಕೇರಿ ಕುಮಾರ್‌ಟುಲಿಗೆ ಹೋಗಿ. ದುರ್ಗಾಪೂಜೆ ಮುಗಿದಿರುತ್ತೆ, ಇನ್ನೇನಿರುತ್ತೆ ಅಂತ ಬಿಡಬೇಡಿ. ಚಳಿಗಾಲದಲ್ಲಿ ಅಲ್ಲಿ ಸರಸ್ವತಿ ಮೂರ್ತಿಗಳ ಕೆಲಸ ನಡೆಯುತ್ತೆ. ಬಿದಿರಿನ ಚೌಕಟ್ಟಿಗೆ ಹುಲ್ಲು ಬಿಗಿದು ಕಟ್ಟಿ, ಅದರ ಮೇಲೆ ಮಣ್ಣು ಮೆತ್ತುತ್ತಾರೆ. ಒಂದೇ ಓಣಿಯಲ್ಲಿ ಬರೀ ಹುಲ್ಲಿನ ದೇವಿ, ಅರ್ಧ ಮಣ್ಣಾದ ದೇವಿ, ಮುಖವಿಲ್ಲದ ದೇವಿ ಸಾಲಾಗಿ ನಿಂತಿರುತ್ತಾರೆ. ಫೋಟೋ ತೆಗೆಯುವ ಮುಂಚೆ ಒಂದು ಮಾತು ಕೇಳಿ, ಅದು ಅವರು ದುಡಿಯುವ ಜಾಗ.

ಆಮೇಲೆ ಜೋರಾಸಾಂಕೋ. ರವೀಂದ್ರನಾಥರು 1861ರಲ್ಲಿ ಹುಟ್ಟಿದ್ದೂ 1941ರಲ್ಲಿ ತೀರಿಕೊಂಡಿದ್ದೂ ಇದೇ ಮನೆಯಲ್ಲಿ. ಗಿರೀಶ್ ಪಾರ್ಕ್ ಮೆಟ್ರೋದಿಂದ ನಡೆದೇ ಹೋಗಬಹುದು. ಮಧ್ಯಾಹ್ನದ ಮೇಲೆ ಕಾಲೇಜ್ ಸ್ಟ್ರೀಟ್, ಕಾಫಿ ಹೌಸ್. ಕಾಫಿ ನಮ್ಮ ಮೈಸೂರು ಫಿಲ್ಟರ್ ಕಾಫಿ ಥರ ಇರಲ್ಲ, ಅಲ್ಲಿ ಹೋಗೋದು ಆ ಎತ್ತರದ ಹಾಲ್‌ನಲ್ಲಿ ಕೂರೋಕೆ. ಅಮ್ಮನಿಗೆ ಪಕ್ಕದಲ್ಲೇ ಪ್ಯಾರಾಮೌಂಟ್ ಅಂಗಡಿಯಲ್ಲಿ ಎಳನೀರು ಶರಬತ್ತು ಕೊಡಿಸಿ, ಖಂಡಿತ ಹಿಡಿಸುತ್ತೆ.

ಸಸ್ಯಾಹಾರಿ ಕುಟುಂಬ, ಶಿವಮೊಗ್ಗ:

ಅಕ್ಕಾ, ಅಮ್ಮನ ಊಟದ ವಿಷಯ ನಾನು ಹೇಳ್ತೀನಿ. ಬಂಗಾಳದಲ್ಲಿ ಸಸ್ಯಾಹಾರಿ ಅಡುಗೆ ಎಷ್ಟು ಚೆನ್ನಾಗಿದೆ ಅಂದ್ರೆ, ಅದನ್ನು ಬಿಟ್ಟು ಅಲ್ಲಿ ಪನೀರ್ ಬಟರ್ ಮಸಾಲ ತಿಂದರೆ ನಿಜವಾಗಿಯೂ ಬೇಜಾರಾಗುತ್ತೆ. ಆದರೆ ಒಂದು ಎಚ್ಚರ ಬೇಕು. ಬರೀ ‘ವೆಜ್’ ಅಂತ ಹೇಳಿ ಸುಮ್ನಾಗಬೇಡಿ. ಹೆಸರುಬೇಳೆ ದಾಲ್‌ಗೆ ಮೀನಿನ ತಲೆ ಹಾಕುತ್ತಾರೆ, ಬಾಳೆಹೂವಿನ ಪಲ್ಯಕ್ಕೂ ಸೋರೆಕಾಯಿಗೂ ಎಷ್ಟೋ ಕಡೆ ಸಿಗಡಿ ಬೀಳುತ್ತೆ. ‘ನಿರಾಮಿಷ್’ ಅಂತ ಹೇಳಿ, ಆಮೇಲೆ ಒಂದೊಂದು ಪದಾರ್ಥವನ್ನೂ ತೋರಿಸಿ ಮೀನಿದೆಯಾ, ಸಿಗಡಿ ಇದೆಯಾ ಅಂತ ಬಿಡಿಸಿ ಕೇಳಿ. ಕೇಳಿದರೆ ಯಾರೂ ಬೇಜಾರು ಮಾಡ್ಕೊಳ್ಳಲ್ಲ, ಅಲ್ಲಿನ ಮನೆಗಳಲ್ಲೂ ಪೂಜೆಯ ದಿನ ನಿರಾಮಿಷ್ ಅಡುಗೆ ಮಾಡ್ತಾರೆ.

ಊಟಕ್ಕೆ ಒಂದು ಕ್ರಮ ಇದೆ. ಮೊದಲು ಕಹಿ. ಶುಕ್ತೊ ಅಂತ ಬರುತ್ತೆ, ಹಾಗಲಕಾಯಿ, ಬಾಳೆಕಾಯಿ, ನುಗ್ಗೆಕಾಯಿ, ಜೊತೆಗೆ ಬೇಳೆ ಸಂಡಿಗೆ ಹಾಕಿ ಕೊನೆಗೆ ಸ್ವಲ್ಪ ಹಾಲು ಸೇರಿಸಿದ್ದು. ಇದನ್ನು ಬಿಸಿ ಅನ್ನಕ್ಕೆ ಕಲಸಿ ಮೊದಲೇ ತಿನ್ನಬೇಕು, ಆಮೇಲೆ ತಿಂದರೆ ಅದರ ರುಚಿ ಹತ್ತಲ್ಲ. ನಂತರ ದಾಲ್ ಜೊತೆ ಕರಿದ ಬದನೆಕಾಯಿ. ಆಲೂ ಪೋಸ್ತೊ ಮಾತ್ರ ತಪ್ಪಿಸಬೇಡಿ. ನಾವು ಪಾಯಸಕ್ಕೆ ಹಾಕುವ ಗಸಗಸೆಯನ್ನೇ ಅವರು ನುಣ್ಣಗೆ ರುಬ್ಬಿ, ಹಸಿಮೆಣಸಿನಕಾಯಿ ಸೇರಿಸಿ ಆಲೂಗಡ್ಡೆಗೆ ಹಿಡಿಸುತ್ತಾರೆ. ನಮ್ಮ ಅತ್ತೆ ಎರಡೆರಡು ಸಲ ಹಾಕಿಸಿಕೊಂಡರು. ಧೋಕಾರ್ ಡಾಲ್ನಾ ಕೂಡ ಕೇಳಿ, ಕಡಲೆಬೇಳೆ ರುಬ್ಬಿ ತುಂಡು ಮಾಡಿ ಕರಿದು ಗ್ರೇವಿಗೆ ಬಿಟ್ಟಿರುತ್ತಾರೆ. ಕೊನೆಗೆ ಟೊಮೆಟೊ-ಖರ್ಜೂರದ ಸಿಹಿ ಚಟ್ನಿ, ಹಪ್ಪಳ, ಮಿಷ್ಟಿ ದೊಯಿ ಅಂದ್ರೆ ಸಿಹಿ ಮೊಸರು.

ಸಾಸಿವೆ ಎಣ್ಣೆಯ ಘಾಟು ಅಮ್ಮನಿಗೆ ಹಿಡಿಸದೇ ಇರಬಹುದು. ಹಾಗೇನಾದರೂ ಆದರೆ ಲೇಕ್ ಮಾರ್ಕೆಟ್ ಕಡೆ ಹೋಗಿ, ಕಾಲೀಘಾಟ್ ಮೆಟ್ರೋದಿಂದ ಹತ್ತಿರ. ದಕ್ಷಿಣದವರು ತಲೆಮಾರುಗಳಿಂದ ನೆಲೆಸಿರುವ ಜಾಗ ಅದು. ಇಡ್ಲಿ, ಸಾರು, ಮೊಸರನ್ನ ಎಲ್ಲಾ ಸಿಗುತ್ತೆ. ಬೆಳಗಿನ ತಿಂಡಿಗೆ ಅಂತೂ ಯೋಚನೆಯೇ ಬೇಡ. ಉತ್ತರ ಕೋಲ್ಕತ್ತಾದ ಗಲ್ಲಿಗಳಲ್ಲಿ ಇಂಗಿನ ಘಮದ ಕೊಚೂರಿ, ಆಲೂಗಡ್ಡೆ ಪಲ್ಯ ಎಲೆದೊನ್ನೆಯಲ್ಲಿ ಕೊಡುತ್ತಾರೆ. ತಡ ಮಾಡಿ ಹೋದರೆ ಖಾಲಿ.

ಕುಂದಾಪುರದವರು, ಈಗ ಬೆಂಗಳೂರು:

ಮೀನಿನ ಬಗ್ಗೆ ನನ್ನದೊಂದು ಮಾತು. ಹಿಲ್ಸಾ, ಹಿಲ್ಸಾ ಅಂತ ಎಲ್ಲರೂ ಹೇಳ್ತಾರೆ. ಅದು ಮಳೆಗಾಲದ ಮೀನು, ಡಿಸೆಂಬರಿನಲ್ಲಿ ಸಿಗೋದು ಹೆಚ್ಚಾಗಿ ಕೋಲ್ಡ್ ಸ್ಟೋರೇಜಿನದು, ಅದಕ್ಕೆ ಜಾಸ್ತಿ ದುಡ್ಡು ಕೊಡಬೇಡಿ. ಭೇಟ್ಕಿ ಪಾತುರಿ ತಗೊಳ್ಳಿ. ಸಾಸಿವೆ ಅರೆದು ಮೀನಿಗೆ ಹಚ್ಚಿ ಬಾಳೆಎಲೆಯಲ್ಲಿ ಮಡಚಿ ಬೇಯಿಸಿದ್ದು, ಮುಳ್ಳಿನ ಕಾಟ ಇಲ್ಲ. ಕಾಯಿ-ಹುಳಿ-ಮೆಣಸಿನ ರುಚಿಗೆ ಒಗ್ಗಿದ ನಾಲಿಗೆಗೆ ಮೊದಲ ತುತ್ತು ಮೂಗಿಗೆ ಏರುತ್ತೆ, ಎರಡನೇ ತುತ್ತಿಗೆ ಇಷ್ಟವಾಗುತ್ತೆ. ಕಾಯಿಹಾಲಿನ ರುಚಿ ಬೇಕಿದ್ದರೆ ಸಿಗಡಿಯ ಚಿಂಗ್ರಿ ಮಲಾಯ್‌ಕರಿ ಇದೆ.

ದೊಡ್ಡ ಹೋಟೆಲಿಗಿಂತ ಪೈಸ್ ಹೋಟೆಲಿನಲ್ಲಿ, ಅಂದ್ರೆ ಹಳೇ ಕಾಲದ ಅಗ್ಗದ ಊಟದ ಹೋಟೆಲಿನಲ್ಲಿ, ಒಂದು ಊಟ ಮಾಡಿ. ಕಾಲೇಜ್ ಸ್ಟ್ರೀಟ್ ಹತ್ತಿರ ಸ್ವಾಧೀನ್ ಭಾರತ್ ಹಿಂದೂ ಹೋಟೆಲ್ ಇದೆ. ಅವತ್ತಿನ ಅಡುಗೆ ಬೋರ್ಡಿನಲ್ಲಿ ಬರೆದಿರುತ್ತೆ, ಪ್ರತಿಯೊಂದಕ್ಕೂ ಬೇರೆ ಬೇರೆ ರೇಟು. ಬೇಕಾದಷ್ಟೇ ಹಾಕಿಸಿಕೊಳ್ಳಬಹುದು, ಆದ್ದರಿಂದ ಅಮ್ಮನೂ ನೀವೂ ಒಂದೇ ಮೇಜಿನಲ್ಲಿ ಕೂರಬಹುದು. ಬಿರಿಯಾನಿ ತಿನ್ನುವಾಗ ಆಲೂಗಡ್ಡೆ ಬಂತಲ್ಲಾ ಅಂತ ಅಂದುಕೊಳ್ಳಬೇಡಿ. 1856ರಲ್ಲಿ ರಾಜ್ಯ ಕಳೆದುಕೊಂಡು ಇಲ್ಲಿನ ಮೆಟಿಯಾಬ್ರೂಜ್‌ಗೆ ಬಂದ ಅವಧ್‌ನ ನವಾಬ ವಾಜಿದ್ ಅಲಿ ಷಾ ಜೊತೆ ಬಂದ ಅಡುಗೆ ಅದು. ನನಗೆ ಮಾಂಸಕ್ಕಿಂತ ಆ ಆಲೂಗಡ್ಡೆಯೇ ಇಷ್ಟ.

ಭಾನುವಾರ ಬೆಳಿಗ್ಗೆ ಬ್ರಿಟಿಷರ ಕಾಲದ ಆಫೀಸು ಕಟ್ಟಡಗಳಿರುವ ಬಿಬಿಡಿ ಬಾಗ್ ಚೌಕ ನೋಡಿ. ಆಫೀಸುಗಳಿಗೆ ರಜಾ, ರಸ್ತೆ ಖಾಲಿ, ರೈಟರ್ಸ್ ಬಿಲ್ಡಿಂಗ್ ಮುಂದೆ ಆರಾಮಾಗಿ ನಿಂತು ನೋಡಬಹುದು. ಆಮೇಲೆ ಇಂಡಿಯನ್ ಮ್ಯೂಸಿಯಂ. 1814ರಲ್ಲಿ ಶುರುವಾದದ್ದು, ಪೂರ್ತಿ ನೋಡೋಕೆ ಹೋದರೆ ದಿನವೇ ಸಾಲದು. ಭಾರ್ಹುತ್ ಸ್ತೂಪದ ಕಲ್ಲಿನ ಕಟಾಂಜನ ಇರುವ ಕೋಣೆಯಲ್ಲಿ ಹೊತ್ತು ಕಳೆಯಿರಿ, ಉಳಿದದ್ದು ನಡೆಯುತ್ತಾ ನೋಡಿ. ವಿಕ್ಟೋರಿಯಾ ಮೆಮೋರಿಯಲ್ ಒಳಗೆ ಹೋಗದಿದ್ದರೂ ನಷ್ಟವಿಲ್ಲ, ಸಂಜೆ ತೋಟದಲ್ಲಿ ಕೂತರೆ ಸಾಕು.

ಕೋಲ್ಕತ್ತಾದಲ್ಲೇ ಕೆಲಸದಲ್ಲಿರುವವರು:

ವಿಕ್ಟೋರಿಯಾ ಬಗ್ಗೆ ನಾನು ಒಪ್ಪಲ್ಲ ಸರ್. ಒಳಗೆ ಕೋಲ್ಕತ್ತಾ ಊರಿನ ಬಗ್ಗೆಯೇ ಒಂದು ಗ್ಯಾಲರಿ ಇದೆ, ಅದನ್ನು ನೋಡಿದರೆ ಹಿಂದಿನ ದಿನ ಸುತ್ತಿದ ಗಲ್ಲಿಗಳು ಇನ್ನೂ ಚೆನ್ನಾಗಿ ಅರ್ಥವಾಗುತ್ತವೆ. ಆದರೆ ಅಮ್ಮನಿಗೆ ಸುಸ್ತಾಗಿದ್ದರೆ ತೋಟವೇ ಸರಿ. ಕತ್ತಲಾದ ಮೇಲೆ ಪಾರ್ಕ್ ಸ್ಟ್ರೀಟಿಗೆ ಬನ್ನಿ, ಕ್ರಿಸ್‌ಮಸ್ ದೀಪ ಹಾಕಿದ್ದರೆ ನಿಮ್ಮ ಅದೃಷ್ಟ.

ಕೇಳಿದವರು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅಮ್ಮನಿಗೆ ಓದಿ ಹೇಳಿದೆ, ಬೇಲೂರು ಮಠ ಅಂದಿದ್ದಕ್ಕೇ ಖುಷಿಯಾಗಿದ್ದಾರೆ. ಮಂಡಿನೋವು ಇದೆ, ಸೋಮವಾರ ಎರಡೂ ಕಡೆ ಆಗುತ್ತಾ? ಮತ್ತೆ, ಮನೆಗೆ ಯಾವ ಸಿಹಿ ತರಬಹುದು?

ಶಿವಮೊಗ್ಗದವರು:

ಆಗುತ್ತೆ ಅಕ್ಕಾ. ಬೆಳಿಗ್ಗೆ ಬೇಗ ಮೆಟ್ರೋದಲ್ಲಿ ದಕ್ಷಿಣೇಶ್ವರಕ್ಕೆ ಹೋಗಿ, ನಿಲ್ದಾಣದಿಂದ ದೇವಸ್ಥಾನಕ್ಕೆ ಮೇಲ್ಸೇತುವೆ ದಾರಿ ಇದೆ. ರಾಣಿ ರಾಸಮಣಿ ಕಟ್ಟಿಸಿದ್ದು, 1855ರದು. ರಾಮಕೃಷ್ಣರು ಇದ್ದ ಕೋಣೆ ಅಂಗಳದ ಮೂಲೆಯಲ್ಲೇ ಇದೆ, ಅಮ್ಮ ಅಲ್ಲಿ ಸ್ವಲ್ಪ ಹೊತ್ತು ಕೂರಲಿ. ಅಲ್ಲಿಂದ ದೋಣಿಯಲ್ಲಿ ಬೇಲೂರು ಮಠಕ್ಕೆ ಹೋಗಬಹುದು, ಆದರೆ ಘಾಟಿನ ಮೆಟ್ಟಿಲು ಇಳಿಯಬೇಕು. ಮಂಡಿನೋವು ಜಾಸ್ತಿ ಇದ್ದರೆ ಕಾರೇ ಮಾಡಿ. ಮಧ್ಯಾಹ್ನ ಎರಡೂ ಕಡೆ ಬಾಗಿಲು ಹಾಕುತ್ತಾರೆ, ಹೋಟೆಲಿನಿಂದ ತಡವಾಗಿ ಹೊರಟರೆ ಒಂದನ್ನು ಬಿಡಬೇಕಾಗುತ್ತೆ.

ಸಿಹಿಗೆ ಡಿಸೆಂಬರಿಗಿಂತ ಒಳ್ಳೆ ಕಾಲ ಇಲ್ಲ. ಈಚಲು ಮರದ ರಸದ ಹೊಸ ಬೆಲ್ಲ ಬರುವ ಸಮಯ, ನೊಲೆನ್ ಗುಡ್ ಅಂತಾರೆ. ಆ ಬೆಲ್ಲದ ‘ಸಂದೇಶ್’ ಅನ್ನೋ ಸಿಹಿಯನ್ನು ಭೀಮ್ ಚಂದ್ರ ನಾಗ್ ಅಥವಾ ನಕುರ್ ಅಂಗಡಿಯಲ್ಲಿ ಅಲ್ಲೇ ನಿಂತು ತಿನ್ನಿ. ಜಲಭರಾ ಅಂತ ಒಂದಿದೆ, ಕಚ್ಚಿದರೆ ಒಳಗಿನ ಪಾಕ ಕೈಮೇಲೆ ಸುರಿಯುತ್ತೆ, ಹುಷಾರಾಗಿ. ಇವು ಒಡೆದ ಹಾಲಿನವು, ಮೈಸೂರಿನ ತನಕ ತಂದರೆ ರುಚಿ ಕೆಡುತ್ತೆ. ಅದರ ಬದಲು ಪಾಟಾಲಿ ಅಂತ ಸಿಗುವ ಗಟ್ಟಿ ಬೆಲ್ಲದ ಅಚ್ಚು ತನ್ನಿ, ಮನೆಯಲ್ಲೇ ಅಕ್ಕಿ ಪಾಯಸ ಮಾಡಬಹುದು. ಹಾಲಿಗೆ ಬೆಲ್ಲ ಹಾಕುವಾಗ ಒಲೆ ಆರಿಸಿ, ಪಾಯಸ ಸ್ವಲ್ಪ ಆರಿದ ಮೇಲೆ ಹಾಕಿ, ಇಲ್ಲದಿದ್ದರೆ ಹಾಲು ಒಡೆಯುತ್ತೆ. ನೀರು ಬೆಲ್ಲ ತಗೊಂಡರೆ ಮಾತ್ರ ವಿಮಾನದಲ್ಲಿ ಕೈಚೀಲಕ್ಕೆ ಹಾಕಬೇಡಿ, ಚೆಕ್-ಇನ್ ಬ್ಯಾಗಿಗೆ ಹಾಕಿ.