ಪದ ಬೇಕು: ಕವಡೆಯೋ, ಕೌರಿಯೋ, ಬಸವನಹುಳುವೋ?

ಗೆಳೆಯರೇ, ಕಡಲ ಜೀವಿಗಳ ಪ್ರದರ್ಶನಕ್ಕೆ ಫಲಕ ಬರೆಯುತ್ತಿದ್ದೇನೆ. ನಾಳೆ ಬೆಳಗ್ಗೆ ಅಚ್ಚಿಗೆ ಹೋಗಬೇಕು. ಮೊನೆಟೇರಿಯಾ ಮೊನೆಟಾ ಅನ್ನುವ ಪುಟ್ಟ ಜೀವಿ. ಹಿಂದೆ ಹಣವಾಗಿ ಓಡಾಡಿದ್ದು ಇದರ ಚಿಪ್ಪೇ. ಕರಡಿನಲ್ಲಿ ‘ಮನಿ ಕೌರಿ’ ಅಂತಿದೆ. ಕವಡೆ ಅಂದರೆ ಬರೀ ಚಿಪ್ಪು ಅಲ್ವಾ? ಚಿತ್ರದಲ್ಲಿರುವುದು ಜೀವ ಇರುವ ಪ್ರಾಣಿ. ಏನು ಬರೆಯಲಿ?

—

‘ಹಣದ ಬಸವನಹುಳು’ ಅಂತ ಬರೆಯಿರಿ. ಕವಡೆ ಸಂಸ್ಕೃತದ ಕಪರ್ದದಿಂದ ಬಂದದ್ದು. ಕನ್ನಡದ್ದೇ ಪದ ಇರುವಾಗ ಎರವಲು ಯಾಕೆ?

—

ಬೇಡ. ಬಸವನಹುಳು ಅಂದರೆ ತೋಟದ ಎಲೆ ಮೇಲೆ ತೆವಳುವುದು ಕಣ್ಣಿಗೆ ಬರುತ್ತದೆ, ಹವಳದ ಸಂದಿಯ ಜೀವಿ ಬರುವುದಿಲ್ಲ. ಇನ್ನು ಎರವಲಿನ ಮಾತು. ಕವಡೆ ಎರವಲಾದರೆ ಬಸವ ಎಲ್ಲಿಯದು? ವೃಷಭದಿಂದ ಬಂದದ್ದೇ ತಾನೇ? ಗೋಪಾಲ ಗೋವಳ ಆದ ದಾರಿಯಲ್ಲೇ ಕಪರ್ದ ಕವಡೆ ಆಯಿತು. ಎರಡೂ ನಮ್ಮವೇ. ಅದೇ ಕಪರ್ದ ಹಿಂದಿಯಲ್ಲಿ ಕೌಡಿ ಆಗಿ, ಇಂಗ್ಲಿಷಿಗೆ ಹೋಗಿ ಕೌರಿ ಆಯಿತು. ಬಾಯಲ್ಲಿರುವ ಪದ ಬಿಟ್ಟು, ಸುತ್ತು ಹೊಡೆದು ಬಂದ ಪದವನ್ನು ಫಲಕಕ್ಕೆ ಏರಿಸುವುದು ನನಗೆ ಒಪ್ಪಿಗೆಯಿಲ್ಲ.

ಪ್ರಾಣಿಗೂ ಕವಡೆ ಸಲ್ಲುತ್ತದೆ. ಆದರೆ ‘ಹಣ’ ಸೇರಿಸಬೇಡಿ. ನಮ್ಮಲ್ಲಿ ‘ಕವಡೆಕಾಸು’ ಆಗಲೇ ಇದೆ. ಅದು ಕಾಸಿನ ಒಂದು ಬಗೆ. ಅದನ್ನೇ ತಿರುಗಿಸಿ: ಕಾಸುಗವಡೆ. ಈಗ ಅದು ಕವಡೆಯ ಒಂದು ಬಗೆ. ಜೀವವಿಜ್ಞಾನಿ ಲಿನೇಯಸ್ 1758ರಲ್ಲಿ ಇಟ್ಟ ‘ಮೊನೆಟಾ’ ಲ್ಯಾಟಿನ್ ಪದ, ಅದಕ್ಕೂ ನಾಣ್ಯ ಅಂತಲೇ ಅರ್ಥ. ಕವಡೆಕಾಸಿನ ಬೆಲೆಯಿಲ್ಲ ಅನ್ನುತ್ತೇವೆ. ಆದರೆ ಮಾಲ್ಡೀವ್ಸ್‌ನಲ್ಲಿ ಆಯ್ದ ಇದೇ ಚಿಪ್ಪು ಬಂಗಾಳದಲ್ಲೂ ಪಶ್ಚಿಮ ಆಫ್ರಿಕಾದಲ್ಲೂ ಶತಮಾನಗಳ ಕಾಲ ಹಣವಾಗಿ ನಡೆಯಿತು. ಆ ಕತೆ ಹೆಸರಿನಲ್ಲೇ ಇರಲಿ.

—

ತಕರಾರು ಇದೆ. ಬೆನ್ನ ಮೇಲೆ ಚಿನ್ನದ ಬಣ್ಣದ ಉಂಗುರವಿರುವ ಮೊನೆಟೇರಿಯಾ ಆ್ಯನ್ಯುಲಸ್ ಕೂಡ ಆಫ್ರಿಕಾದಲ್ಲಿ ಹಣವಾಗಿತ್ತು. ಅದೂ ಕಾಸುಗವಡೆಯೇ?

—

ಅದು ಉಂಗುರಗವಡೆ. ಲಿನೇಯಸ್ ಇಟ್ಟ ಹೆಸರಿನಲ್ಲೂ ಉಂಗುರವೇ ಇದೆ.

—

ಕಾಸುಗವಡೆ ಅಂತಲೇ ಬರೆದೆ, ತುಂಬಾ ಉಪಕಾರವಾಯಿತು. ಇನ್ನೊಂದು ಪದ ಉಳಿದಿದೆ. ಮೈಯಿಂದ ಹೊರಚಾಚಿ ಚಿಪ್ಪನ್ನು ಹೊದೆಯುವ ಮಾಂಸದ ಪದರಕ್ಕೆ ಕರಡಿನಲ್ಲಿ ‘ಕವಚ’ ಅಂತಿದೆ. ಚಿಪ್ಪನ್ನು ಕಟ್ಟುವುದೂ ಅದರ ಹೊಳಪು ಕಾಯುವುದೂ ಅದೇ. ‘ಮೈಹೊದಿಕೆ’ ಆಗಬಹುದಾ?

—

ಆಗಬಹುದು. ಕವಚ ತೆಗೆಯಿರಿ. ಇಲ್ಲಿ ಗಟ್ಟಿ ಇರುವುದು ಒಳಗಿನ ಚಿಪ್ಪು, ಮೇಲಿನದು ಮೆತ್ತಗೆ.