ಶಾಲೆ ಹಾಲ್‌ನಲ್ಲಿ ಸಿನಿಮಾ ತೋರಿಸಬೇಕು, ಟಿಕೆಟ್ ಇಡಬಹುದಾ?

ಮೇಷ್ಟ್ರು, ತೀರ್ಥಹಳ್ಳಿ ಕಡೆಯವರು
ನಮಸ್ಕಾರ. ಹಳ್ಳಿ ಹೈಸ್ಕೂಲಿನಲ್ಲಿ ಪಾಠ ಮಾಡುತ್ತೇನೆ. ಮಳೆ ಹಿಡಿದರೆ ಮೈದಾನ ಪೂರ್ತಿ ಕೆಸರು, ಮಕ್ಕಳು ತಿಂಗಳುಗಟ್ಟಲೆ ಒಳಗೇ ಕೂರಬೇಕು. ಅದಕ್ಕೆ ತಿಂಗಳಿಗೊಂದು ಶನಿವಾರ ಒಳ್ಳೆ ಸಿನಿಮಾ ತೋರಿಸೋಣ ಅಂತ ಆಸೆ. ಹಳೆ ವಿದ್ಯಾರ್ಥಿಗಳು ಊರವರನ್ನೂ ಕರೆದು 30 ರೂಪಾಯಿ ಟಿಕೆಟ್ ಇಟ್ಟರೆ ಲೈಬ್ರರಿಗೆ ಪುಸ್ತಕ ತರಬಹುದು ಅನ್ನುತ್ತಿದ್ದಾರೆ. ಇದು ಕಾನೂನಿಗೆ ಸರಿಯಾ? ಇನ್ನೊಂದು, ಹೋದ ವಾರ ನನ್ನ ಓಟಿಟಿ ಅಕೌಂಟಿನಿಂದ ಹಾಕಿ ನೋಡಿದೆ, ಮಾತು ಕೇಳಿಸುತ್ತದೆ, ಪರದೆ ಮಾತ್ರ ಕಪ್ಪು. 120 ಮಕ್ಕಳು, ಶೀಟಿನ ಹಾಲ್, 3000 ಲುಮೆನ್ ಬೆಳಕಿನ ಪ್ರೊಜೆಕ್ಟರ್.

ವಕೀಲರು, ಶಿವಮೊಗ್ಗ
ಮಕ್ಕಳಿಗೆ ತೋರಿಸುವುದಕ್ಕೆ ಹೆದರಬೇಡಿ ಸರ್. 1957ರ ಕಾಪಿರೈಟ್ ಕಾಯ್ದೆಯ 52(1)(ಜೆ) ಓದಿ. ಶಾಲೆಯ ಚಟುವಟಿಕೆಯ ಭಾಗವಾಗಿ ಸಿನಿಮಾ ತೋರಿಸಿದರೆ, ನೋಡುವವರು ಮೇಷ್ಟ್ರುಗಳು, ಮಕ್ಕಳು, ಅಪ್ಪ ಅಮ್ಮ ಅಥವಾ ಪೋಷಕರು, ಶಾಲೆಯ ಕೆಲಸಕ್ಕೆ ಸಂಬಂಧಪಟ್ಟವರು ಇಷ್ಟೇ ಜನ ಆಗಿದ್ದರೆ, ಅದು ಉಲ್ಲಂಘನೆ ಅಲ್ಲ.

ಊರವರಿಗೆಲ್ಲ ಬಾಗಿಲು ತೆಗೆದರೆ ಈ ರಕ್ಷಣೆ ಹೋಯಿತು. ಟಿಕೆಟ್ ಇಟ್ಟರಂತೂ ಶಾಲೆಯ ಚಟುವಟಿಕೆ ಅಂತ ವಾದಿಸುವುದೇ ಕಷ್ಟ, ದುಡ್ಡು ಲೈಬ್ರರಿಗೇ ಹೋದರೂ ಅಷ್ಟೇ. ಆಗ ನಿರ್ಮಾಪಕರ ಅಥವಾ ವಿತರಕರ ಒಪ್ಪಿಗೆ ಬರಹದಲ್ಲಿ ಬೇಕು. ಅದರ ಮೇಲೆ 1964ರ ಕರ್ನಾಟಕ ಸಿನಿಮಾ ನಿಯಂತ್ರಣ ಕಾಯ್ದೆಯ ಲೈಸೆನ್ಸ್ ಪ್ರಶ್ನೆಯೂ ಏಳುತ್ತದೆ. ಪುಸ್ತಕಕ್ಕೆ ಬೇರೆ ಕಡೆ ಚಂದಾ ಎತ್ತಿ, ಸಿನಿಮಾಗೆ ಗಂಟು ಹಾಕಬೇಡಿ.

ಓಟಿಟಿ ಬೇರೆ ವಿಷಯ. ಕಾಯ್ದೆ ಬಿಟ್ಟರೂ ನೀವು ಒಪ್ಪಿದ ಷರತ್ತು ಮನೆಯ ಬಳಕೆಗೆ ಮಾತ್ರ ಅನ್ನುತ್ತದೆ. ನೆಟ್‌ಫ್ಲಿಕ್ಸ್ ತನ್ನ ಕೆಲವು ಸಾಕ್ಷ್ಯಚಿತ್ರಗಳನ್ನು ಶಾಲೆಗಳಲ್ಲಿ ಒಂದು ಸಲ ತೋರಿಸಲು ಬಿಡುತ್ತದೆ, ಅಲ್ಲೂ ಟಿಕೆಟ್ ಇಡುವಂತಿಲ್ಲ. ಉಳಿದದ್ದಕ್ಕೆ ಅಸಲಿ ಡಿವಿಡಿ ಕೊಳ್ಳಿ. ಕದ್ದ ಕಾಪಿ ಪೆನ್‌ಡ್ರೈವ್‌ನಲ್ಲಿ ತಂದು ಹಾಕಬೇಡಿ, ದಯವಿಟ್ಟು. ಹಳೆ ಸಿನಿಮಾ ಆಗಬಹುದಾದರೆ ಇನ್ನೂ ಸುಲಭ: ಬಿಡುಗಡೆಯಾದ ಮರುವರ್ಷದಿಂದ 60 ವರ್ಷಕ್ಕೆ ಸಿನಿಮಾದ ಕಾಪಿರೈಟ್ ಮುಗಿಯುತ್ತದೆ. 1960ರಲ್ಲಿ ಬಂದದ್ದಾದರೆ 2020ರ ಕೊನೆಗೆ ಮುಗಿದಿದೆ.

ಸೌಂಡ್ ಸಿಸ್ಟಂನವನು, ಸಾಗರ
ಪರದೆ ಕಪ್ಪಾಗಿದ್ದು ಪ್ರೊಜೆಕ್ಟರ್ ಕೆಟ್ಟು ಅಲ್ಲ. ಎಚ್‌ಡಿಎಂಐ ತಂತಿಯಿಂದ ಹಳೆ ಕಾಲದ ವಿಜಿಎ ತಂತಿಗೆ ಬದಲಿಸುವ ಪುಟ್ಟ ಡಬ್ಬಿ ಹಾಕಿದ್ದೀರಾ ಅಂತ ಅನುಮಾನ. ಓಟಿಟಿಯವರು ಎಚ್‌ಡಿಸಿಪಿ ಅನ್ನೋ ಬೀಗ ಹಾಕಿರುತ್ತಾರೆ, ನಡುವೆ ಆ ಬೀಗ ಗೊತ್ತಿಲ್ಲದ ಸಾಧನ ಬಂದರೆ ಚಿತ್ರ ನಿಲ್ಲುತ್ತದೆ. ಡಿವಿಡಿಗೆ ಈ ತಾಪತ್ರಯ ಕಡಿಮೆ. ಲ್ಯಾಪ್‌ಟಾಪನ್ನು ಪ್ರೊಜೆಕ್ಟರ್ ಪಕ್ಕದಲ್ಲೇ ಇಟ್ಟು ಚಿಕ್ಕ ಎಚ್‌ಡಿಎಂಐ ಹಾಕಿ, ಉದ್ದದ ತಂತಿ ಆಂಪ್ಲಿಫೈಯರ್‌ಗೆ ಮಾತ್ರ ಎಳೆಯಿರಿ.

3000 ಲುಮೆನ್ ಸಾಕು, ಆದರೆ ಕತ್ತಲು ಬೇಕೇ ಬೇಕು. ಪರದೆ 10 ಅಡಿ ಅಗಲ ದಾಟಿಸಬೇಡಿ. ಕಿಟಕಿಗೆ ಅಡಿಕೆ ಒಣಗಿಸುವ ಟಾರ್ಪಾಲು ಕಟ್ಟಿ, ನಮ್ಮ ಕಡೆ ಯಾರ ಮನೇಲಿ ಇಲ್ಲ ಹೇಳಿ? ಬಾಗಿಲು ಮಾತ್ರ ಮುಚ್ಚಬೇಡಿ, ಚಿಲಕವನ್ನೂ ಹಾಕಬೇಡಿ, 120 ಮಕ್ಕಳು ಒಟ್ಟಿಗೆ ಹೊರಗೆ ಬರುವಷ್ಟು ದಾರಿ ಇರಲಿ.

ನಿಜವಾದ ಕಷ್ಟ ಶೀಟಿನ ಮಾಡು. ಜುಲೈ ಮಳೆ ಅದರ ಮೇಲೆ ಬಿದ್ದರೆ ಎಷ್ಟು ದೊಡ್ಡ ಸ್ಪೀಕರ್ ಇಟ್ಟರೂ ಮಾತು ತಿಳಿಯುವುದಿಲ್ಲ, ವಾಲ್ಯೂಮ್ ಏರಿಸಿದರೆ ಗೋಡೆಗೆ ಬಡಿದು ಗುಂಯ್ ಅನ್ನುತ್ತದೆ. ಜಮಖಾನ ಹಾಸಿ, ಹಿಂದಿನ ಗೋಡೆಗೆ ದಪ್ಪ ಬಟ್ಟೆ ಇಳಿಬಿಡಿ, ಸ್ಪೀಕರ್ ಪರದೆಯ ಎರಡೂ ಬದಿ ಮಕ್ಕಳ ತಲೆಗಿಂತ ಸ್ವಲ್ಪ ಮೇಲಿರಲಿ. ಸಬ್‌ಟೈಟಲ್ ಇದ್ದರೆ ಹಾಕಿ. ಕರೆಂಟ್ ಹೋಗುವುದು ಗ್ಯಾರಂಟಿ, ಲ್ಯಾಂಪಿನ ಪ್ರೊಜೆಕ್ಟರ್ ಆದರೆ ಯುಪಿಎಸ್ ಇಡಿ. ಬಿಸಿ ಲ್ಯಾಂಪ್ ಇರುವಾಗ ಫ್ಯಾನ್ ತಟ್ಟನೆ ನಿಂತರೆ ಲ್ಯಾಂಪಿನ ಆಯುಸ್ಸು ಕಡಿಮೆಯಾಗುತ್ತದೆ. ಮುಗಿದ ಮೇಲೆ ಪ್ರೊಜೆಕ್ಟರನ್ನು ತೇವ ಹೀರುವ ಸಿಲಿಕಾ ಜೆಲ್ ಜೊತೆ ಡಬ್ಬಿಯಲ್ಲಿ ಇಡಿ, ಇಲ್ಲಾಂದ್ರೆ ಲೆನ್ಸ್‌ಗೆ ಬೂಷ್ಟು ಹಿಡಿಯುತ್ತದೆ.

ಅಮ್ಮ, ಹೆಗ್ಗೋಡು ಹತ್ತಿರ
ಸಿನಿಮಾದ ಸೆನ್ಸಾರ್ ಸರ್ಟಿಫಿಕೇಟ್ ನೋಡಿ ಸರ್. ಈಗ ಯು/ಎ ಒಂದೇ ಅಲ್ಲ, ವಯಸ್ಸಿನ ಪ್ರಕಾರ 7+, 13+, 16+ ಅಂತ ಮೂರಿದೆ. ಎಂಟನೇ ಕ್ಲಾಸಿನವರು ಇರುವಲ್ಲಿ 16+ ಬೇಡ. ಮಕ್ಕಳಿಗೆ ಅರ್ಥವಾಗುತ್ತಾ ಅಂತ ಮಾತ್ರ ಹೆದರಬೇಡಿ. ಹೆಗ್ಗೋಡಿನ ನಾಟಕ ಸಂಸ್ಥೆ ನೀನಾಸಂನ ಚಿತ್ರಸಮಾಜ ನಮ್ಮ ಹಳ್ಳಿ ಜನಕ್ಕೆ ಬೇರೆ ದೇಶದ ಸಿನಿಮಾ ತೋರಿಸಿದೆ, ತೋಟದ ಕೆಲಸ ಮುಗಿಸಿ ಬಂದವರು ಕೂತು ನೋಡಿದ್ದಾರೆ. ಮುಗಿದ ಮೇಲೆ ಅರ್ಧ ಗಂಟೆ ಮಕ್ಕಳ ಹತ್ತಿರ ಮಾತಾಡಿಸಿ.

ಮೇಷ್ಟ್ರು, ತೀರ್ಥಹಳ್ಳಿ ಕಡೆಯವರು
ಹೌದು, ವಿಜಿಎ ಡಬ್ಬಿಯೇ ಇತ್ತು! ಟಿಕೆಟ್ ಕೈಬಿಟ್ಟೆವು, ಪೋಷಕರನ್ನು ಮಾತ್ರ ಕರೆಯುತ್ತೇವೆ. ಮೊದಲ ಸಿನಿಮಾ ಮಳೆ ಇಳಿಯುವವರೆಗೆ ಕಾಯದೆ ಸಬ್‌ಟೈಟಲ್ ಇರುವುದನ್ನೇ ಹಾಕುತ್ತೇನೆ. ಟಾರ್ಪಾಲು ನಾಲ್ಕು ಮನೆಯವರು ಕೊಡುತ್ತಾರಂತೆ.